ಹೋದ ಗಾಳಿ ವಾಪಸ್ ಬರಬೇಕು: ಮಿನಿ ಹಾಲ್‌ಗೆ ಡಕ್ಟ್ ಎಸಿ ಮಾಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕೋಲಾರದ ಹತ್ತಿರದ ಒಂದು ಮಿನಿ ಹಾಲ್. ಎಸಿ ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ಡಕ್ಟ್, ಅಂದರೆ ಎಸಿ ಗಾಳಿ ಸಾಗಿಸುವ ತಗಡಿನ ಕೊಳವೆ, ಅದರ ಕೆಲಸ ನಮ್ಮದೇ. ಒಂದು ರಿಸೆಪ್ಷನ್ ಸಂಜೆ ಏಳೂವರೆಗೆ ಮಾಲೀಕರ ಫೋನ್ ಬಂತು. "ಏನಣ್ಣ ಇದು, ಮೆಷಿನ್ ಹೊಸದು, ಒಂದು ಚೂರೂ ಗಾಳಿ ಬರ್ತಿಲ್ಲ. ಜನ ಲಗ್ನಪತ್ರಿಕೆ ಹಿಡ್ಕೊಂಡು ಗಾಳಿ ಬೀಸ್ಕೊಳ್ತಿದ್ದಾರೆ."

ಓಡಿಹೋಗಿ ಇಂಡೋರ್ ಯೂನಿಟ್‌ನ ಪ್ಯಾನೆಲ್ ಬಿಚ್ಚಿದೆ. ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಒಂದು ರೆಕ್ಕೆಯೂ ಕಾಣುತ್ತಿರಲಿಲ್ಲ. ಗ್ಯಾಸ್ ಸರಿ ಇತ್ತು, ಕಂಪ್ರೆಸರ್ ಸರಿ ಇತ್ತು. ಸ್ಟೇಜ್ ಹಿಂದೆ ಹೋಗಿ ನೋಡಿದಾಗ ಕಾರಣ ಸಿಕ್ಕಿತು. ಡೆಕೊರೇಷನ್ ಹುಡುಗರು ಗೋಡೆಗೆ ಪೂರ್ತಿ ಬಿಳಿ ಬಟ್ಟೆ ಎಳೆದು, ಮೇಲೆ ಹೂವಿನ ಪರದೆ ಕಟ್ಟಿದ್ದರು. ಆ ಬಟ್ಟೆಯ ಹಿಂದೆ ನಮ್ಮ ರಿಟರ್ನ್ ಗ್ರಿಲ್ ಇತ್ತು. ಹಾಲ್‌ನ ಗಾಳಿ ಮೆಷಿನ್‌ಗೆ ವಾಪಸ್ ಬರುವ ಬಾಯಿ ಅದು. ಆ ಬಾಯಿಯನ್ನೇ ಮುಚ್ಚಿಬಿಟ್ಟಿದ್ದರು. ಬಟ್ಟೆ ಬಿಚ್ಚಿಸಿದೆವು. ಮಂಜು ಕರಗಿತು, ಕಾಯಿಲ್ ಕೆಳಗಿನ ನೀರಿನ ಟ್ರೇ ತುಂಬಿ ಉಕ್ಕಿತು, ಫಾಲ್ಸ್ ಸೀಲಿಂಗ್‌ನಿಂದ ಮೊದಲ ಸಾಲಿನ ಕುರ್ಚಿಗಳ ಮೇಲೆ ನೀರು ತೊಟ್ಟಿಕ್ಕಿತು. ಹುಡುಗಿಯ ತಂದೆ ಏನೂ ಮಾತಾಡಲಿಲ್ಲ. ತಾವೇ ಕುರ್ಚಿ ಪಕ್ಕಕ್ಕೆ ಎಳೆದರು.

ತಪ್ಪು ಡೆಕೊರೇಷನ್‌ನವರದ್ದಲ್ಲ, ನನ್ನದು. ಮದುವೆ ಹಾಲ್‌ನಲ್ಲಿ ಸ್ಟೇಜ್ ಹಿಂದಿನ ಗೋಡೆಗೆ ಬಟ್ಟೆ ಕಟ್ಟೇ ಕಟ್ಟುತ್ತಾರೆ. ಅಲ್ಲಿ ರಿಟರ್ನ್ ಇಡಬಾರದಿತ್ತು. ಅವತ್ತಿನಿಂದ ಯಾವ ಕೆಲಸಕ್ಕೆ ಹೋದರೂ ಮೊದಲು ಕೇಳುವುದು ಒಂದೇ ಮಾತು, ಗಾಳಿ ವಾಪಸ್ ಬರುವ ದಾರಿ ಯಾವುದು?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಈಗ ಮಿನಿ ಹಾಲ್, ಬಟ್ಟೆ ಅಂಗಡಿ, ಡಯಾಗ್ನೋಸ್ಟಿಕ್ ಸೆಂಟರ್, ಕೋಚಿಂಗ್ ಸೆಂಟರ್ ಎಲ್ಲಕ್ಕೂ ಡಕ್ಟ್ ಎಸಿ ಕೇಳುತ್ತಾರೆ. ಮಾಲೀಕರು ಮೆಷಿನ್ ಬ್ರ್ಯಾಂಡ್ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಡಕ್ಟ್ ಬಗ್ಗೆ ಒಂದು ಪ್ರಶ್ನೆಯೂ ಇರುವುದಿಲ್ಲ. ಅಂಥ ಮಾಲೀಕರಿಗಾಗಿ, ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಹಾಲ್‌ನ ಲೆಕ್ಕ ಹಿಡಿದು ಕೊನೆವರೆಗೂ ಹೋಗೋಣ. 40 ಅಡಿ ಉದ್ದ, 30 ಅಡಿ ಅಗಲ, 14 ಅಡಿ ಎತ್ತರ, 120 ಜನ.

ಡಕ್ಟ್ ಮಾಡುವ ಕೆಲಸ ಏನು

ಮೆಷಿನ್ ಗಾಳಿಯನ್ನು ತಂಪು ಮಾಡುತ್ತದೆ. ಆ ತಂಪನ್ನು ಕೊನೆ ಸಾಲಿನಲ್ಲಿ ಕೂತ ಅಜ್ಜಿಗೆ ತಲುಪಿಸುವುದು ಡಕ್ಟ್. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಕೆರೆ ಕಾಲುವೆ ನೋಡಿ ಬೆಳೆದವರು ನಾವು. ಕೆರೆ ತುಂಬಿದ್ದರೂ ಕಾಲುವೆ ಸರಿ ಇಲ್ಲದಿದ್ದರೆ ಕೊನೆ ಗದ್ದೆಗೆ ನೀರಿಲ್ಲ. ತೂಬಿನ ಹತ್ತಿರದವನಿಗೆ ಮೊಣಕಾಲುದ್ದ ನೀರು, ತುದಿಯವನಿಗೆ ಬರೀ ಕೆಸರು. ಡಕ್ಟ್‌ನಲ್ಲೂ ಹೀಗೇ ಆಗುತ್ತದೆ. ಮೆಷಿನ್ ಹತ್ತಿರ ಕೂತವರು ಶಾಲು ಹೊದೆಯುತ್ತಾರೆ, ತುದಿಯಲ್ಲಿ ಕೂತವರು ಬೆವರು ಒರೆಸುತ್ತಾರೆ.

ಕಾಲುವೆಗೂ ಡಕ್ಟ್‌ಗೂ ಒಂದು ವ್ಯತ್ಯಾಸ ಇದೆ. ಗದ್ದೆಗೆ ಹೋದ ನೀರು ಅಲ್ಲೇ ಇಂಗುತ್ತದೆ. ಹಾಲ್‌ಗೆ ಹೋದ ಗಾಳಿ ಮತ್ತೆ ಮೆಷಿನ್‌ಗೆ ಬರಬೇಕು. ಇದಕ್ಕೆ ಕೆಜಿಎಫ್ ಗಣಿ ಒಳ್ಳೆಯ ಉದಾಹರಣೆ. 3 ಕಿಲೋಮೀಟರ್‌ಗೂ ಜಾಸ್ತಿ ಆಳ ಇದ್ದ ಆ ಗಣಿ 2001ರಲ್ಲಿ ಮುಚ್ಚಿತು. ಅಷ್ಟು ಆಳದಲ್ಲಿ ಬಂಡೆಯೇ ಸುಡುತ್ತದೆ, ಗಾಳಿ ಕಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ. ಆಳದ ಗಣಿಗಳಲ್ಲಿ ಒಂದು ಶಾಫ್ಟ್‌ನಲ್ಲಿ ಇಳಿದ ಗಾಳಿ ಕೆಲಸದ ಜಾಗವನ್ನೆಲ್ಲ ಸುತ್ತಿ ಇನ್ನೊಂದು ಶಾಫ್ಟ್‌ನಿಂದ ಮೇಲೆ ಬರುತ್ತದೆ. ಮೇಲೆ ಬರುವ ದಾರಿ ಮುಚ್ಚಿದರೆ ಇಳಿಯುವುದೂ ನಿಲ್ಲುತ್ತದೆ. ನಿಮ್ಮ ಹಾಲ್‌ನಲ್ಲಿ ಆಗುವುದೂ ಇದೇ, ಅಳತೆ ಮಾತ್ರ ಚಿಕ್ಕದು.

ಹಾಗಾಗಿ ಡಕ್ಟ್ ಅಂದರೆ ಮೂರು ದಾರಿ. ತಂಪು ಗಾಳಿ ಹೋಗುವ ಸಪ್ಲೈ, ಹಾಲ್‌ನ ಗಾಳಿ ವಾಪಸ್ ಬರುವ ರಿಟರ್ನ್, ಹೊರಗಿನ ಹೊಸ ಗಾಳಿ ಬರುವ ಫ್ರೆಶ್ ಏರ್. ಕೊಟೇಶನ್‌ನಲ್ಲಿ ಈ ಮೂರೂ ಬೇರೆ ಬೇರೆ ಸಾಲಾಗಿ ಇದೆಯಾ ನೋಡಿ. ಬರೀ "ಡಕ್ಟಿಂಗ್ ಕೆಲಸ" ಅಂತ ಒಂದೇ ಸಾಲಿದ್ದರೆ ವಾಪಸ್ ಕೊಡಿ, ಬಿಡಿಸಿ ಬರೆದುಕೊಂಡು ಬನ್ನಿ ಅನ್ನಿ.

ಮೊದಲ ಹೆಜ್ಜೆ: ಬಿಸಿಯ ಲೆಕ್ಕ

ಚದರ ಅಡಿಗೆ ಇಷ್ಟು ಟನ್ ಅನ್ನುವ ಅಂದಾಜು ಮನೆಗೆ ನಡೆಯಬಹುದು, ಮದುವೆ ಹಾಲ್‌ಗೆ ನಡೆಯುವುದಿಲ್ಲ. ಇಲ್ಲಿ ಬಿಸಿ ತರುವವರು ಜನ. ಸುಮ್ನೆ ಕೂತ ಒಬ್ಬ ಮನುಷ್ಯ ಸುಮಾರು 115 ವ್ಯಾಟ್ ಬಿಸಿ ಬಿಡುತ್ತಾನೆ. 120 ಜನ ಅಂದರೆ ಹತ್ತಿರ ಹತ್ತಿರ 14 ಕಿಲೋವ್ಯಾಟ್. ಎಸಿ ಲೆಕ್ಕದಲ್ಲಿ ಒಂದು ಟನ್ ಅಂದರೆ 3.5 ಕಿಲೋವ್ಯಾಟ್ ಬಿಸಿ ತೆಗೆಯುವ ಶಕ್ತಿ. ಜನರ ಬಿಸಿಗೇ 4 ಟನ್ ಹೋಯಿತು.

ಮೇಲೆ ಬಿಸಿಲು ಬೀಳುವ ಆರ್‌ಸಿಸಿ ತಾರಸಿ ಇದ್ದರೆ ಏಪ್ರಿಲ್ ಮಧ್ಯಾಹ್ನ ಅದಕ್ಕೆ ಇನ್ನೊಂದು 2 ಟನ್ ಹಿಡಿಯಿರಿ. ವಿಡಿಯೋ ಲೈಟು, ಸ್ಟೇಜ್ ಲೈಟು ಸೇರಿ ಒಂದು ಟನ್ ಹತ್ತಿರ. ಗೋಡೆ, ಕಿಟಕಿಗೆ ಒಂದು. ಹೊರಗಿನ ಹೊಸ ಗಾಳಿ ತಂಪಾಗಲು ಎರಡರಿಂದ ಎರಡೂವರೆ. ಎಲ್ಲ ಸೇರಿ ಹತ್ತರ ಮೇಲೆ ಬರುತ್ತದೆ. ನಾವು 5.5 ಟನ್‌ನ ಎರಡು ಮೆಷಿನ್ ಹಾಕುತ್ತೇವೆ, ಒಟ್ಟು 11 ಟನ್. ಒಂದೇ ದೊಡ್ಡದರ ಬದಲು ಎರಡು ಯಾಕೆ ಅಂದರೆ ನಾಮಕರಣಕ್ಕೆ 40 ಜನ ಬಂದ ದಿನ ಒಂದೇ ಓಡಿಸಬಹುದು. ಮುಹೂರ್ತದ ಹೊತ್ತಿಗೆ ಒಂದು ಕೆಟ್ಟು ನಿಂತರೂ ಇನ್ನೊಂದು ಇರುತ್ತದೆ. ತಾರಸಿಗೆ ಬಿಳಿ ಕೂಲ್ ರೂಫ್ ಬಣ್ಣ ಹೊಡೆಸಿದರೆ ಮೇಲಿನ ಬಿಸಿ ಚೆನ್ನಾಗಿ ಇಳಿಯುತ್ತದೆ. ಅದನ್ನು ಎಸಿಗಿಂತ ಮೊದಲೇ ಮಾಡಿಸಿ.

ಎರಡನೆಯದು: ಗಾಳಿಯ ಲೆಕ್ಕ, ಡಕ್ಟ್ ಅಳತೆ

ಗಾಳಿಯನ್ನು ನಾವು ಸಿಎಫ್‌ಎಂನಲ್ಲಿ ಅಳೆಯುತ್ತೇವೆ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಅಂತ. ಒಂದು ಟನ್‌ಗೆ 400 ಸಿಎಫ್‌ಎಂ ಅನ್ನುವುದು ವಾಡಿಕೆ. 5.5 ಟನ್‌ಗೆ 2200.

ಇಲ್ಲಿ ನಮ್ಮ ಊರುಗಳಿಗೇ ಸೇರಿದ ಒಂದು ವಿಷಯ ಇದೆ. ಕೋಲಾರ, ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿವೆ. ಚಿಕ್ಕಬಳ್ಳಾಪುರ ಇನ್ನೂ ಎತ್ತರ. ಇಷ್ಟು ಎತ್ತರದಲ್ಲಿ ಗಾಳಿ ಚೆನ್ನೈಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿರುತ್ತದೆ. ಫ್ಯಾನ್ ಅಷ್ಟೇ ಸಿಎಫ್‌ಎಂ ತಳ್ಳಿದರೂ ಆ ಗಾಳಿ ಹೊತ್ತು ತರುವ ತಂಪು ಕಡಿಮೆ. ಚೆನ್ನೈನಲ್ಲಿ ಸರಿಹೋದ ಡ್ರಾಯಿಂಗನ್ನು ಹಾಗೇ ತಂದು ಇಲ್ಲಿ ಹಾಕಿದರೆ ಕೊರತೆ ಬೀಳುತ್ತದೆ. ಫ್ಯಾನ್ ಆರಿಸುವಾಗಲೇ ಊರಿನ ಎತ್ತರ ಹೇಳಿ. ಡಕ್ಟ್ ಅಳತೆಯಲ್ಲಿ ಜಿಪುಣತನ ಮಾಡಬೇಡಿ.

ಈಗ ಅಳತೆ. ಸೂತ್ರ ಒಂದೇ. ಸಿಎಫ್‌ಎಂ ಅನ್ನು ಗಾಳಿಯ ವೇಗದಿಂದ ಭಾಗಿಸಿದರೆ ಡಕ್ಟ್‌ನ ಬಾಯಿ ಚದರ ಅಡಿಯಲ್ಲಿ ಸಿಗುತ್ತದೆ. ಮೇನ್ ಡಕ್ಟ್‌ನಲ್ಲಿ ವೇಗ ನಿಮಿಷಕ್ಕೆ 1000 ಅಡಿ ದಾಟದಂತೆ ನೋಡುತ್ತೇನೆ. ದಾಟಿದರೆ ಸದ್ದು ಬರುತ್ತದೆ, ಪುರೋಹಿತರ ಮಂತ್ರ ಕೇಳುವುದಿಲ್ಲ. ಫ್ಯಾಕ್ಟರಿಗಾದರೆ ಇನ್ನೂ ಜಾಸ್ತಿ ಇಡಬಹುದು.

2200 ಭಾಗಿಸು 1000 ಅಂದರೆ 2.2 ಚದರ ಅಡಿ, ಸುಮಾರು 317 ಚದರ ಇಂಚು. 28 ಇಂಚು ಅಗಲ, 12 ಇಂಚು ಎತ್ತರ ಇಟ್ಟರೆ 336 ಆಗುತ್ತದೆ. ವೇಗ 940ರ ಆಸುಪಾಸಿಗೆ ಇಳಿಯುತ್ತದೆ. ಒಂದೊಂದು ಮೆಷಿನ್‌ಗೆ ನಾಲ್ಕು ಡಿಫ್ಯೂಸರ್, ಅಂದರೆ ಸೀಲಿಂಗ್‌ನಿಂದ ತಂಪು ಗಾಳಿ ಹಾಲ್‌ಗೆ ಬೀಳುವ ಬಾಯಿ. ಒಂದೊಂದರಲ್ಲಿ 550 ಸಿಎಫ್‌ಎಂ. ಮೊದಲನೆಯದು ಕಳೆದ ಮೇಲೆ ಉಳಿಯುವುದು 1650, ಅದಕ್ಕೆ 22 ಇಂಟು 12 ಸಾಕು. ಎರಡು ಕಳೆದ ಮೇಲೆ 1100, ಅದಕ್ಕೆ 16 ಇಂಟು 12. ಕೊನೆಯದಕ್ಕೆ 12 ಇಂಟು 10. ಗಾಳಿ ಕಡಿಮೆಯಾದ ಹಾಗೆ ಡಕ್ಟ್ ಕಿರಿದಾಗುತ್ತಾ ಹೋಗಬೇಕು. ವೇಗ ಸ್ವಲ್ಪ ಸ್ವಲ್ಪವಾಗಿ ಇಳಿಯಬೇಕು, ಒಮ್ಮೆಲೇ ಬೀಳಬಾರದು. ಕೆಲವರು ವರ್ಕ್‌ಶಾಪ್‌ನಲ್ಲಿ ಕೆಲಸ ಸುಲಭ ಆಗಲಿ ಅಂತ 28 ಇಂಚನ್ನೇ ತುದಿವರೆಗೂ ಎಳೆಯುತ್ತಾರೆ. ಅದರಿಂದ ನಿಮಗೆ ಬರುವುದು ಶೀಟಿನ ಬಿಲ್ಲು ಮಾತ್ರ.

ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಿ, ಎತ್ತರದ ವಿಷಯದಲ್ಲಿ. 12 ಇಂಚಿನ ಡಕ್ಟ್‌ಗೆ ಇನ್ಸುಲೇಷನ್ ಹೊದಿಕೆ, ಡಕ್ಟ್ ತುಂಡುಗಳನ್ನು ಜೋಡಿಸುವ ಅಂಚಿನ ಫ್ಲೇಂಜ್, ಸಪೋರ್ಟ್ ಆಂಗಲ್ ಎಲ್ಲ ಸೇರಿ ಬೀಮ್ ಕೆಳಗೆ 16 ಇಂಚು ಜಾಗ ಬೇಕು. ಕಟ್ಟಡ ಕಟ್ಟುವವರು 9 ಇಂಚು ಬಿಟ್ಟಿರುತ್ತಾರೆ. ಆಗ ಡಕ್ಟ್‌ನವರು ಚಪ್ಪಟೆ ಮಾಡಿ 56 ಇಂಟು 6 ಅನ್ನುತ್ತಾರೆ. ಬಾಯಿ ಅಷ್ಟೇ ಆಯಿತಲ್ಲ ಅಂತ ನಿಮಗೂ ಅನ್ನಿಸುತ್ತದೆ. ಸುತ್ತಳತೆ ಹಾಕಿ ನೋಡಿ. 28 ಇಂಟು 12ಕ್ಕೆ ಸುತ್ತಳತೆ 80 ಇಂಚು, 56 ಇಂಟು 6ಕ್ಕೆ 124. ಶೀಟು ಒಂದೂವರೆ ಪಟ್ಟು, ಇನ್ಸುಲೇಷನ್ ಒಂದೂವರೆ ಪಟ್ಟು. ಗಾಳಿ ಗೋಡೆಗೆ ಉಜ್ಜುವ ಜಾಗವೂ ಅಷ್ಟೇ ಜಾಸ್ತಿ, ಫ್ಯಾನ್‌ಗೆ ಅಷ್ಟೂ ಹೊರೆ. ಅಗಲ ಎತ್ತರದ ನಾಲ್ಕು ಪಟ್ಟು ದಾಟಬಾರದು. ತಾರಸಿ ಮೋಲ್ಡ್ ಹಾಕುವ ಮುಂಚೆಯೇ ಡಕ್ಟ್‌ನವರನ್ನು ಕರೆದು ಬೀಮ್ ತೋರಿಸಿದರೆ ಈ ಜಗಳವೇ ಇರುವುದಿಲ್ಲ.

ಮೂರನೆಯದು: ವಾಪಸ್ ದಾರಿ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ನಾನು ನೋಡಿದ ಕೆಟ್ಟ ಕೆಲಸಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಕೆಟ್ಟಿವೆ.

ರಿಟರ್ನ್ ಗ್ರಿಲ್‌ನಲ್ಲಿ ಗಾಳಿ ಮೆಲ್ಲಗೆ ಒಳಗೆ ಹೋಗಬೇಕು. ನಿಮಿಷಕ್ಕೆ 400 ಅಡಿ ದಾಟಿದರೆ ಶಿಳ್ಳೆ ಹೊಡೆದ ಹಾಗೆ ಸದ್ದು. 2200 ಭಾಗಿಸು 400, ಐದೂವರೆ ಚದರ ಅಡಿ. ಗ್ರಿಲ್‌ನ ಪಟ್ಟಿಗಳೇ ಕಾಲು ಭಾಗ ಜಾಗ ತಿನ್ನುತ್ತವೆ. ಅದನ್ನು ಸೇರಿಸಿದರೆ ಏಳೂಕಾಲು ಚದರ ಅಡಿ ಮೇಲೆ ಬೇಕು. 48 ಇಂಟು 24 ಇಂಚಿನ ಗ್ರಿಲ್ ಹಾಕಿದರೆ 8 ಚದರ ಅಡಿ, ನಿಶ್ಚಿಂತೆ. ಇದು ಒಂದು ಮೆಷಿನ್‌ಗೆ. ಎರಡಕ್ಕೆ ಎರಡು. ಇಂಟೀರಿಯರ್‌ನವರು ಇಷ್ಟು ದೊಡ್ಡದು ಚೆನ್ನಾಗಿ ಕಾಣಲ್ಲ, 24 ಇಂಟು 12 ಮಾಡಿ ಅನ್ನುತ್ತಾರೆ. ಅದು 2 ಚದರ ಅಡಿ. ಒಪ್ಪಬೇಡಿ.

ವಾಪಸ್ ಗಾಳಿ ಕಡಿಮೆಯಾದರೆ ಆ ರಿಸೆಪ್ಷನ್ ದಿನ ಆದದ್ದೇ ಆಗುತ್ತದೆ. ಕಾಯಿಲ್ ಮೇಲೆ ಹಾದುಹೋಗುವ ಬಿಸಿ ಗಾಳಿಯೇ ಕಾಯಿಲ್ ತೀರಾ ತಣ್ಣಗಾಗದಂತೆ ಹಿಡಿದಿರುತ್ತದೆ. ಗಾಳಿ ನಿಂತರೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಗಾಳಿಯಲ್ಲಿನ ತೇವ ಅದರ ಮೇಲೆ ಮಂಜಾಗಿ ಕೂರುತ್ತದೆ. ಮಂಜು ಕೂತಷ್ಟೂ ಗಾಳಿಗೆ ದಾರಿ ಇಲ್ಲ, ಗಾಳಿ ಇಲ್ಲದಷ್ಟೂ ಮಂಜು. ಹೀಗೇ ಬಿಟ್ಟರೆ ಕಂಪ್ರೆಸರ್‌ಗೂ ಪೆಟ್ಟು.

ಎಲ್ಲಿ ಇಡಬೇಕು? ಸ್ಟೇಜ್ ಹಿಂದಿನ ಗೋಡೆ ಬೇಡ. ಅಡುಗೆಮನೆ, ಊಟದ ಹಾಲ್ ಕಡೆಯ ಬಾಗಿಲ ಹತ್ತಿರ ಬೇಡ, ಸಾಂಬಾರ್ ವಾಸನೆ ಹಾಲ್ ತುಂಬಾ ಹಂಚುತ್ತದೆ. ಡಿಫ್ಯೂಸರ್ ಪಕ್ಕದಲ್ಲೇ ಬೇಡ, ತಂಪು ಗಾಳಿ ಜನರನ್ನು ಮುಟ್ಟದೆ ಹಾಗೇ ವಾಪಸ್ ಹೋಗುತ್ತದೆ. ಪಕ್ಕದ ಗೋಡೆಗಳು ಒಳ್ಳೆಯ ಜಾಗ, ಸ್ಟೇಜ್‌ನಿಂದ ದೂರ. ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗವನ್ನೇ ರಿಟರ್ನ್ ದಾರಿ ಮಾಡಿಕೊಳ್ಳುವುದು ಅಗ್ಗ, ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಬಿಸಿ ತಾರಸಿ ಕೆಳಗೆ ನನಗೆ ಅದು ಇಷ್ಟವಿಲ್ಲ. ತಾರಸಿಯ ಕಾವನ್ನೂ, ಅಲ್ಲಿ ಕೂತ ಧೂಳನ್ನೂ ಗಾಳಿ ಹೊತ್ತು ತರುತ್ತದೆ. ದುಡ್ಡಿದ್ದರೆ ಶೀಟಿನ ರಿಟರ್ನ್ ಡಕ್ಟ್ ಹಾಕಿಸಿ.

ಫ್ರೆಶ್ ಏರ್‌ಗೆ ನಾನು ತಲೆಗೆ 7ರಿಂದ 10 ಸಿಎಫ್‌ಎಂ ಹಿಡಿಯುತ್ತೇನೆ. 120 ಜನಕ್ಕೆ ಸಾವಿರದ ಸುತ್ತಮುತ್ತ. ಇದನ್ನು ಬಿಟ್ಟರೆ ಒಂದು ಗಂಟೆಯಲ್ಲಿ ಜನಕ್ಕೆ ತಲೆ ಭಾರ, ಆಕಳಿಕೆ. ಹೊರಗಿನ ಬಾಯಿಗೆ ಮಳೆ ನೀರು ಬೀಳದ ಓರೆ ಪಟ್ಟಿಗಳ ಲೂವರ್, ಒಳಗೆ ಸಣ್ಣ ಕಣ್ಣಿನ ಬಲೆ ಹಾಕಿಸಿ. ಇಲಿ, ಪಾರಿವಾಳ ಒಳಗೆ ಸೇರಿದರೆ ಆಮೇಲೆ ಹೊರಗೆ ಓಡಿಸುವುದು ದೊಡ್ಡ ಪಾಡು.

ನಾಲ್ಕನೆಯದು: ಡಿಫ್ಯೂಸರ್ ಎಲ್ಲಿ

ಇದಕ್ಕೂ ಒಂದು ಮದುವೆಯೇ ನನಗೆ ಪಾಠ ಕಲಿಸಿತು. ಮಂಟಪದ ನೇರ ಮೇಲೆ ಡಿಫ್ಯೂಸರ್ ಬಂದಿತ್ತು. ಸೀಲಿಂಗ್ ನಕ್ಷೆಯಲ್ಲಿ ಸಾಲಾಗಿ ಚೆನ್ನಾಗಿ ಕಂಡಿದ್ದರಿಂದ ನಾನೂ ಸುಮ್ಮನಿದ್ದೆ. ಮುಹೂರ್ತದ ಹೊತ್ತಿಗೆ ದೀಪ ಆರಿತು. ಹಚ್ಚಿದರು, ಮತ್ತೆ ಆರಿತು. ಹುಡುಗನ ಅಜ್ಜಿ ಮುಂದೆ ಬಂದು ಸೆರಗನ್ನು ದೀಪದ ಸುತ್ತ ಅಡ್ಡ ಹಿಡಿದು ನಿಂತರು. "ಅಯ್ಯೋ, ದೀಪ ನಿಲ್ತಾ ಇಲ್ಲವಲ್ಲಪ್ಪ, ಆ ಗಾಳಿ ನಿಲ್ಲಿಸ್ರಪ್ಪ ಯಾರಾದ್ರೂ" ಅಂದರು. ಎಸಿ ಪೂರ್ತಿ ಆಫ್ ಮಾಡಬೇಕಾಯಿತು. ಮದುವೆ ಮನೆಯಲ್ಲಿ ದೀಪ ಆರುವುದು ಹಿರಿಯರ ಮನಸ್ಸಿಗೆ ಎಷ್ಟು ನೋವು ಅಂತ ಹೇಳಬೇಕಾಗಿಲ್ಲ ಅಲ್ವಾ.

ಅದಕ್ಕೇ ಈಗ ಡ್ರಾಯಿಂಗ್‌ನಲ್ಲಿ ಮೊದಲು ಮಂಟಪ, ಹೋಮಕುಂಡದ ಜಾಗ ಗುರುತು ಮಾಡುತ್ತೇನೆ. ಅಲ್ಲಿಂದ ಐದಾರು ಅಡಿ ದೂರದವರೆಗೆ ಡಿಫ್ಯೂಸರ್ ಇಲ್ಲ. ಹತ್ತಿರದ ಡಿಫ್ಯೂಸರ್‌ನ ಮಂಟಪದ ಕಡೆಯ ಬಾಯಿ ಮುಚ್ಚಿ ಮೂರು ಕಡೆಗೆ ಮಾತ್ರ ಬೀಸುವಂತೆ ಮಾಡಬಹುದು. ಹೋಮದ ಹೊಗೆಗೆ ಮಂಟಪದ ಮೇಲೆ ಬೇರೆ ಎಕ್ಸಾಸ್ಟ್ ಫ್ಯಾನ್ ಇರಲಿ, ಅದಕ್ಕೆ ಬೇರೆ ಸ್ವಿಚ್ ಇರಲಿ. ಇಲ್ಲದಿದ್ದರೆ ತುಪ್ಪದ ಹೊಗೆ ರಿಟರ್ನ್‌ಗೆ ಹೋಗಿ ಫಿಲ್ಟರ್ ಮೇಲೆ ಜಿಡ್ಡಾಗಿ ಕೂರುತ್ತದೆ. ಆ ಜಿಡ್ಡಿಗೆ ಧೂಳು ಅಂಟಿ ಎರಡೇ ಮದುವೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಐದನೆಯದು: ಶೀಟು, ಜಾಯಿಂಟು

ಡಕ್ಟ್ ಮಾಡುವುದು ಜಿಐ ಶೀಟಿನಲ್ಲಿ, ಅಂದರೆ ಸತು ಲೇಪಿಸಿದ ಉಕ್ಕಿನ ತಗಡು. ಅದರ ಗೇಜ್ ನಂಬರ್ ಜಾಸ್ತಿಯಾದಷ್ಟೂ ಶೀಟು ತೆಳು. 30 ಇಂಚು ಅಗಲದವರೆಗಿನ ಡಕ್ಟ್‌ಗೆ 24 ಗೇಜ್, ಅಂದರೆ 0.63 ಮಿಲಿಮೀಟರ್. ಅದಕ್ಕಿಂತ ಅಗಲ ಆದರೆ 60 ಇಂಚಿನವರೆಗೆ 22 ಗೇಜ್, 0.8 ಮಿಲಿಮೀಟರ್. ನಮ್ಮ ಹಾಲ್‌ಗೆ 24 ಸಾಕು. ಕೆಲವರು 24 ಅಂತ ಬರೆದು 26 ಹಾಕುತ್ತಾರೆ, ಅದು ಅರ್ಧ ಮಿಲಿಮೀಟರ್. ಕಣ್ಣಿಗೆ ಗೊತ್ತಾಗುವುದಿಲ್ಲ. ಶೀಟು ಇಳಿಸುವ ದಿನ ಒಂದು ತಕ್ಕಡಿ ತರಿಸಿ. 8 ಇಂಟು 4 ಅಡಿಯ 24 ಗೇಜ್ ಶೀಟು ಹದಿನಾಲ್ಕೂವರೆ, ಹದಿನೈದು ಕಿಲೋ ತೂಗುತ್ತದೆ. 26 ಗೇಜ್ ಆದರೆ 12 ಕಿಲೋ ಹತ್ತಿರ. ಮೈಕ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಲೋಹದ ಡಕ್ಟ್‌ಗೆ ಭಾರತೀಯ ಮಾನಕ ಐಎಸ್ 655, ಜಿಐ ಶೀಟಿಗೆ ಐಎಸ್ 277. ಕೊಟೇಶನ್‌ನಲ್ಲಿ ಇವೆರಡನ್ನೂ ಬರೆಸಿಕೊಳ್ಳಿ.

ಡಕ್ಟ್‌ನ ಪಕ್ಕಗಳ ಮೇಲೆ ಮೂಲೆಯಿಂದ ಮೂಲೆಗೆ ಗುಣಿಸು ಚಿಹ್ನೆ ಥರ ತೆಳು ಮಡಿಕೆ ಇರಬೇಕು. ಅದನ್ನು ಕ್ರಾಸ್ ಬ್ರೇಕ್ ಅನ್ನುತ್ತೇವೆ. ಅದಿಲ್ಲದಿದ್ದರೆ ಮೆಷಿನ್ ಸ್ಟಾರ್ಟ್ ಆದಾಗೆಲ್ಲ ಶೀಟು ತಮಟೆ ಬಡಿದ ಹಾಗೆ ಡಬ್ ಅನ್ನುತ್ತದೆ.

ಜಾಯಿಂಟ್ ಜಾಯಿಂಟ್‌ಗೂ ಫ್ಲೇಂಜ್ ಮಧ್ಯೆ ರಬ್ಬರ್ ಗ್ಯಾಸ್ಕೆಟ್, ಮೂಲೆಗಳಿಗೆ ಸೀಲೆಂಟ್. ಮೂಲೆಯಲ್ಲೇ ಸೋರುವುದು. ತಿರುವುಗಳಲ್ಲಿ ಎತ್ತಿನ ಗಾಡಿ ತಿರುಗುವ ಹಾಗೆ ಸುತ್ತು ಬೇಕು. ತಿರುವಿನ ನಡುಗೆರೆಯ ತ್ರಿಜ್ಯ ಡಕ್ಟ್ ಅಗಲದ ಒಂದೂವರೆ ಪಟ್ಟು ಇದ್ದರೆ ಚೆನ್ನ. ಜಾಗ ಇಲ್ಲದೆ ಚೌಕ ಮೂಲೆ ಮಾಡಲೇಬೇಕಾದರೆ ಒಳಗೆ ಬಾಗಿದ ಪಟ್ಟಿಗಳನ್ನು ಕೂರಿಸಬೇಕು. ವೇನ್ ಅನ್ನುತ್ತಾರೆ. ಸೀಲಿಂಗ್ ಮುಚ್ಚಿದ ಮೇಲೆ ಇದು ಯಾರಿಗೂ ಕಾಣಿಸುವುದಿಲ್ಲ. ಮುಚ್ಚುವ ಮುಂಚೆ ಫೋಟೋ ತೆಗೆಸಿ ಇಟ್ಟುಕೊಳ್ಳಿ.

ಮೆಷಿನ್‌ಗೂ ಡಕ್ಟ್‌ಗೂ ಮಧ್ಯೆ ಕ್ಯಾನ್ವಾಸ್ ತುಂಡು ಇರಬೇಕು. ಇಲ್ಲದಿದ್ದರೆ ಮೆಷಿನ್‌ನ ನಡುಕ ಹಾಲ್ ತುಂಬಾ ಓಡಾಡುತ್ತದೆ. ಡಿಫ್ಯೂಸರ್‌ಗೆ ಹೋಗುವ ಫ್ಲೆಕ್ಸಿಬಲ್ ಪೈಪ್ ಐದಾರು ಅಡಿ ದಾಟಬಾರದು, ಪೂರ್ತಿ ಎಳೆದು ಬಿಗಿಯಾಗಿ ಕಟ್ಟಬೇಕು. ಉಳಿದ ಉದ್ದವನ್ನು ಕತ್ತರಿಸದೆ ಒಳಗೇ ಮುದ್ದೆ ಮಾಡಿ ತುರುಕಿದರೆ ಅರ್ಧ ಗಾಳಿ ಅಲ್ಲೇ ಸಾಯುತ್ತದೆ.

ಸಪೋರ್ಟ್ ರಾಡುಗಳು 8 ಅಡಿಗೊಂದು. ಡಕ್ಟ್ ಗೋಡೆ ದಾಟುವ ಕಡೆ ಬೆಂಕಿ ಬಿದ್ದಾಗ ಡಕ್ಟ್ ಮುಚ್ಚುವ ಫೈರ್ ಡ್ಯಾಂಪರ್ ಬೇಕಾ ಅಂತ ನಿಮ್ಮ ಎಂಜಿನಿಯರ್ ಜೊತೆ ಕೂತು ನೋಡಿ. ಜನ ಸೇರುವ ಜಾಗ ಇದು. ಬೆಂಕಿ ಬಿದ್ದರೆ ಹೊಗೆ ಡಕ್ಟ್ ಹಿಡಿದೇ ಹರಡುತ್ತದೆ. ಫೈರ್ ಅಲಾರಂ ಹೊಡೆದ ಕೂಡಲೇ ಎಸಿ ಫ್ಯಾನ್ ನಿಲ್ಲುವ ಹಾಗೆ ವೈರಿಂಗ್ ಮಾಡಿಸಿ.

ಆರನೆಯದು: ಬೆವರದಂತೆ ಹೊದಿಕೆ

ಲೋಟದಲ್ಲಿ ಐಸ್ ನೀರು ಹಾಕಿದರೆ ಹೊರಗೆ ಹನಿ ಕೂರುತ್ತದಲ್ಲ, ಡಕ್ಟ್‌ನಲ್ಲೂ ಅದೇ. ಹಾಲ್ 24 ಡಿಗ್ರಿ, ಶೇಕಡಾ 60 ತೇವ ಇದ್ದಾಗ 16 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಸಪ್ಲೈ ಡಕ್ಟ್ ಒಳಗಿನ ಗಾಳಿ 13, 14 ಡಿಗ್ರಿ. ನಮ್ಮ ಊರು ಒಣ ಊರು ಅಂತ ಸುಮ್ಮನಾಗಬೇಡಿ. ಆಷಾಢ, ಶ್ರಾವಣದಲ್ಲಿ, ಅದೂ 120 ಜನ ತುಂಬಿದ ಹಾಲ್‌ನಲ್ಲಿ, ತೇವಕ್ಕೆ ಕೊರತೆ ಇಲ್ಲ.

ಸಪ್ಲೈಗೆ 19 ಮಿಲಿಮೀಟರ್ ನೈಟ್ರೈಲ್ ರಬ್ಬರ್, ರಿಟರ್ನ್‌ಗೆ 13 ಸಾಕು. ತಾರಸಿ ಮೇಲೆ ಹೋಗುವ ತುಂಡಿಗೆ 25, ಅದರ ಮೇಲೆ ಅಲ್ಯೂಮಿನಿಯಂ ತಗಡು. ನಮ್ಮ ಬಿಸಿಲಿಗೆ ಬರೀ ರಬ್ಬರ್ ಎರಡು ಬೇಸಿಗೆಗೆ ಬಿರುಕು ಬಿಡುತ್ತದೆ. ಅಂಟು ಹಚ್ಚುವ ಮುಂಚೆ ಶೀಟಿನ ಧೂಳು, ಎಣ್ಣೆ ಒರೆಸಬೇಕು. ಫ್ಲೇಂಜ್ ಮೇಲೆ ಬೇರೆ ಪಟ್ಟಿ ಸುತ್ತಬೇಕು. ಹುಡುಗರು ಬಿಡುವುದು ಅದನ್ನೇ, ಆಮೇಲೆ ಸೀಲಿಂಗ್ ಮೇಲೆ ನಾಲ್ಕು ನಾಲ್ಕು ಅಡಿಗೊಂದು ಹಳದಿ ಕಲೆ.

ಏಳನೆಯದು: ಮುಚ್ಚುವ ಮುಂಚೆ ಪರೀಕ್ಷೆ, ಆಮೇಲೆ ಹಂಚಿಕೆ

ಫಾಲ್ಸ್ ಸೀಲಿಂಗ್ ಮುಚ್ಚುವ ಹಿಂದಿನ ದಿನ ಒಂದು ಕಟ್ಟು ಊದುಬತ್ತಿ ತಗೊಂಡು ಹೋಗಿ. ಫ್ಯಾನ್ ಓಡಿಸಿ, ಜಾಯಿಂಟ್‌ಗಳ ಸುತ್ತ ಊದುಬತ್ತಿ ಹಿಡಿಯಿರಿ. ಸಪ್ಲೈ ಜಾಯಿಂಟ್‌ನಲ್ಲಿ ಹೊಗೆ ದೂರಕ್ಕೆ ಹಾರಿದರೆ ಸೋರಿಕೆ. ರಿಟರ್ನ್‌ನಲ್ಲಿ ಹೊಗೆ ಒಳಗೆ ಎಳೆದುಕೊಂಡರೆ ಸೋರಿಕೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಸೀಲ್ ಮಾಡಿಸಿ. ಇನ್ಸುಲೇಷನ್ ಹೊದಿಸುವ ಮುಂಚೆಯೇ ಒಮ್ಮೆ ಮಾಡಿದರೆ ಕೆಲಸ ಇನ್ನೂ ಸಲೀಸು.

ಹಂಚಿಕೆ ಅಂದರೆ ಬ್ಯಾಲೆನ್ಸಿಂಗ್. ಒಂದೊಂದು ಡಿಫ್ಯೂಸರ್‌ನ ಕವಲಿಗೂ ಒಂದು ಡ್ಯಾಂಪರ್ ಇರಬೇಕು. ಕಾಲುವೆಯ ತೂಬಿನ ಹಾಗೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ತುಂಬಿ ಕೋಡಿ ಹರಿದ ಮೇಲೆ ತಾನೇ ಮುಂದಿನ ಕೆರೆಗಳಿಗೆ ಹೋಗಿದ್ದು. ಗಾಳಿಗೆ ಕೋಡಿ ಇಲ್ಲ. ಮೊದಲ ಡಿಫ್ಯೂಸರ್ ತನಗೆ ಸಾಕಾಯಿತು ಅಂತ ಮುಂದಕ್ಕೆ ಬಿಡುವುದಿಲ್ಲ. ನಾವೇ ಬಿಗಿ ಮಾಡಬೇಕು.

ಎಲ್ಲ ಡ್ಯಾಂಪರ್ ಪೂರ್ತಿ ತೆರೆದು ಶುರು ಮಾಡಿ. ಅನಿಮೋಮೀಟರ್‌ನಲ್ಲಿ ಒಂದೊಂದು ಡಿಫ್ಯೂಸರ್‌ನ ವೇಗ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯಿರಿ. ಅದನ್ನು ಗಾಳಿ ಬರುವ ಬಾಯಿಯ ಚದರ ಅಡಿಗೆ ಗುಣಿಸಿದರೆ ಸಿಎಫ್‌ಎಂ. ಮೆಷಿನ್ ಹತ್ತಿರದ್ದು 700 ತೋರಿಸಿ, ತುದಿಯದ್ದು 400 ತೋರಿಸುತ್ತದೆ, ಬಹುತೇಕ ಹೀಗೇ. ತುದಿಯದ್ದನ್ನು ಮುಟ್ಟಬೇಡಿ. ಹತ್ತಿರದ್ದನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ. ಒಂದನ್ನು ತಿರುಗಿಸಿದರೆ ಉಳಿದ ಮೂರೂ ಬದಲಾಗುತ್ತವೆ, ಮತ್ತೆ ಅಳೆಯಬೇಕು. ಎರಡು ಮೂರು ಸುತ್ತು ಬೇಕು. ಎಲ್ಲವೂ 500 ಮತ್ತು 600ರ ನಡುವೆ ಬಂದರೆ ಸಾಕು. ಡ್ಯಾಂಪರ್ ಹಿಡಿಯನ್ನು ಅಲ್ಲೇ ಬಿಗಿದು ಪೇಂಟ್‌ನಿಂದ ಗೆರೆ ಎಳೆಯಿರಿ. ಅರ್ಧ ದಿನದ ಕೆಲಸ ಇದು. ಮಾಡದೆ ಹೋಗುವವರೇ ಜಾಸ್ತಿ. ಕೊನೆಯ ಕಂತನ್ನು ಇದು ಮುಗಿದ ಮೇಲೆ ಕೊಡಿ.

ಆಮೇಲೆ ಎರಡು ಥರ್ಮಾಮೀಟರ್. ಒಂದು ರಿಟರ್ನ್ ಗ್ರಿಲ್‌ನಲ್ಲಿ, ಒಂದು ಡಿಫ್ಯೂಸರ್‌ನಲ್ಲಿ. ವ್ಯತ್ಯಾಸ 8ರಿಂದ 11 ಡಿಗ್ರಿ ಇದ್ದರೆ ಸರಿ. 14 ದಾಟಿದರೆ ಗಾಳಿ ಕಡಿಮೆ ಅಂತ ಅರ್ಥ, ಫಿಲ್ಟರ್, ರಿಟರ್ನ್, ಮುಚ್ಚಿದ ಡ್ಯಾಂಪರ್ ನೋಡಿ. 6ಕ್ಕಿಂತ ಕಡಿಮೆ ಇದ್ದರೆ ಮೆಷಿನ್‌ನವರನ್ನು ಕರೆಸಿ. ಮಾಲೀಕರು ಇದನ್ನು ತಿಂಗಳಿಗೊಮ್ಮೆ ತಾವೇ ನೋಡಿಕೊಳ್ಳಬಹುದು.

ಹಾಲ್ ನಡೆಸುವವರಿಗೆ

ಮುಹೂರ್ತಕ್ಕೆ ಒಂದು ಗಂಟೆ ಮುಂಚೆ ಎಸಿ ಹಾಕಿ. ತಾರಸಿ, ಗೋಡೆ, ಕುರ್ಚಿ ಎಲ್ಲ ಮೊದಲು ತಣ್ಣಗಾಗಬೇಕು. 24ಕ್ಕೆ ಇಡಿ. 18ಕ್ಕೆ ಇಟ್ಟರೆ ಬೇಗ ತಂಪಾಗುವುದಿಲ್ಲ, ಮೆಷಿನ್ ನಿಲ್ಲದೆ ಓಡುತ್ತದೆ ಅಷ್ಟೆ. ಬಾಗಿಲಿಗೆ ಕ್ಲೋಸರ್ ಹಾಕಿಸಿ.

ರಿಟರ್ನ್ ಗ್ರಿಲ್ ಸುತ್ತ ಎರಡು ಅಡಿ ಕೆಂಪು ಗೆರೆ ಹೊಡೆಸಿ, ಪಕ್ಕದಲ್ಲಿ "ಇಲ್ಲಿ ಬಟ್ಟೆ, ಹೂವು, ಬ್ಯಾನರ್ ಕಟ್ಟಬೇಡಿ" ಅಂತ ಬೋರ್ಡ್ ಹಾಕಿಸಿ. ಹಾಲ್ ಬುಕ್ ಮಾಡುವ ರಸೀದಿಯಲ್ಲೂ ಅದೇ ಸಾಲು ಅಚ್ಚು ಹಾಕಿಸಿ. ಡೆಕೊರೇಷನ್‌ನವರು ಬಂದಾಗ ವಾಚ್‌ಮನ್ ಕರೆದುಕೊಂಡು ಹೋಗಿ ಗ್ರಿಲ್ ತೋರಿಸಲಿ.

ಪ್ರತಿ ಸಮಾರಂಭ ಮುಗಿದ ಮಾರನೇ ದಿನ ಫಿಲ್ಟರ್ ತೆಗೆದು ತೊಳೆಯಿರಿ. ಹೋಮ ನಡೆದಿದ್ದರೆ ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಒಂದು ಹೊತ್ತು ನೆನೆಸಿಡಿ, ಬ್ರಷ್ ಹಾಕಿ ಉಜ್ಜಬೇಡಿ. ಗಾಳಿ ಬಂದ ಕಡೆಯಿಂದಲ್ಲ, ಹಿಂದಿನಿಂದ ನೀರು ಬಿಡಿ, ಧೂಳು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ. ವಾಪಸ್ ಹಾಕುವಾಗ ಚೌಕಟ್ಟಿನ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಆ ಬಾಣ ಕಾಯಿಲ್ ಕಡೆ ಮುಖ ಮಾಡಿರಬೇಕು.